ಐಫೋನ್ 13 ಮಿನಿ: ನಿತ್ಯದ ಬಳಕೆಗೆ ಹೇಗಿದೆ?

ಪ್ರಶ್ನೆ:
2021ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದ ಈ ಫೋನನ್ನು ಈಗ ಕೊಳ್ಳುವ ಯೋಚನೆಯಲ್ಲಿದ್ದೇನೆ. ದೊಡ್ಡ ಫೋನ್ ಹಿಡಿದು ಹೆಬ್ಬೆರಳು ನೋಯುವುದರಿಂದ 5.4 ಇಂಚಿನ ಪರದೆ ಸಾಕೆನಿಸಿದೆ. ಆದರೆ ಬ್ಯಾಟರಿಯ ಬಗ್ಗೆ ಅಳುಕಿದೆ. ಬಳಸುತ್ತಿರುವವರು ದಯವಿಟ್ಟು ತಿಳಿಸಿ.

ಉತ್ತರ 1:
ನಿಮ್ಮ ಅಳುಕು ಸಹಜವಾದದ್ದೇ. ಒಮ್ಮೆ ಚಾರ್ಜ್ ಮಾಡಿದರೆ ವಿಡಿಯೊ ನೋಡಲು ಹಿಂದಿನ ಮಾದರಿಯಾದ 12 ಮಿನಿಗೆ 15 ಗಂಟೆ, 13 ಮಿನಿಗೆ 17 ಗಂಟೆ, ದೊಡ್ಡ 13ಕ್ಕೆ 19 ಗಂಟೆ ಎಂದು ತಯಾರಕರೇ ಹೇಳಿದ್ದಾರೆ. ಆದರೆ ಆ ಲೆಕ್ಕ ಒಂದೇ ಕೆಲಸವನ್ನು ಸತತವಾಗಿ ಮಾಡಿದಾಗಿನದು. ಬಿಸಿಲಿನಲ್ಲಿ ಪರದೆಯ ಬೆಳಕು ಹೆಚ್ಚಿಸಿ, ಮೊಬೈಲ್ ಡೇಟಾದಲ್ಲಿ ದಾರಿ ನೋಡುತ್ತಾ ಹೋದರೆ ಯಾವ ಫೋನಿನ ಚಾರ್ಜೂ ಬೇಗ ಇಳಿಯುತ್ತದೆ, ಮತ್ತು ಒಡಲು ಚಿಕ್ಕದಾದಷ್ಟೂ ಒಳಗಿನ ಬ್ಯಾಟರಿಗೆ ಸಿಗುವ ಜಾಗವೂ ಕಡಿಮೆ. ಕಚೇರಿಯಲ್ಲಿ ವೈಫೈ ಇರುವ ನನಗೆ ರಾತ್ರಿಯವರೆಗೆ ಸಾಲುತ್ತದೆ. ದಿನವಿಡೀ ತಿರುಗಾಟದ ಕೆಲಸವಾದರೆ ಪವರ್ ಬ್ಯಾಂಕ್ ಜೊತೆಗಿರಲಿ. (ಆಗ ಜೇಬು ಹಗುರಾಗಲೆಂದು ಚಿಕ್ಕ ಫೋನ್ ಕೊಂಡದ್ದೇಕೆ ಎಂದು ನನ್ನ ಮಡದಿ ಕೇಳುತ್ತಾಳೆ.)

ಉತ್ತರ 2:
ಬ್ಯಾಟರಿಗಿಂತ ಕೀಲಿಮಣೆಯನ್ನು ಮೊದಲು ಪರೀಕ್ಷಿಸಿ. ಕನ್ನಡದ ಕೀಲಿಗಳು ಹೆಚ್ಚಿರುವುದರಿಂದ ಕಿರಿದಾದ ಪರದೆಯಲ್ಲಿ ಇನ್ನಷ್ಟು ಒತ್ತಾಗಿ ಕೂರುತ್ತವೆ. ಒತ್ತಕ್ಷರ ಮೂಡಿಸುವಾಗ ನನ್ನ ದಪ್ಪ ಬೆರಳು ಪಕ್ಕದ ಕೀಲಿಗೆ ತಾಗುತ್ತದೆ. ಉದ್ದನೆಯ ಸಂದೇಶಗಳನ್ನು ಈಗ ಹೇಳಿಯೇ ಬರೆಸುತ್ತೇನೆ.

ಉತ್ತರ 3:
ಮ್ಯಾಗ್‌ಸೇಫ್ ಚಾರ್ಜರ್ (ಫೋನಿನ ಬೆನ್ನಿಗೆ ಅಯಸ್ಕಾಂತದಿಂದ ಅಂಟಿಕೊಂಡು, ಫೋನಿಗೆ ತಂತಿ ಚುಚ್ಚದೆಯೇ ಚಾರ್ಜ್ ಮಾಡುವಂಥದ್ದು) ಕೊಳ್ಳುವುದಾದರೆ ಗಮನಿಸಿ: ದೊಡ್ಡ 13ಕ್ಕೆ 15 ವ್ಯಾಟ್ ದೊರೆತರೆ ಮಿನಿಗೆ ಗರಿಷ್ಠ 12 ವ್ಯಾಟ್ ಮಾತ್ರ. ಅವಸರವಿದ್ದಾಗ ತಂತಿಯೇ ಮೇಲು.