ಬಿಸುವಿನ ದಿನ ಶಟರ್ ಎತ್ತಿದರೆ ನಮ್ಮ ರಜೆ ಎಲ್ಲಿಗೆ ಹೋಯ್ತು?

ಪ್ರಶ್ನೆ (ಕುಂಬಳೆಯಿಂದ, ಹೆಸರು ಬೇಡ ಅಂದಿದ್ದಾರೆ):
ನಮಸ್ಕಾರ ಸರ್. ಕಾಸರಗೋಡು ಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ನಾಲ್ಕು ವರ್ಷದಿಂದ ಸೀರೆ ಸೆಕ್ಷನ್‌ನಲ್ಲಿದ್ದೇನೆ. ಬಿಸುವಿನ (ಎಪ್ರಿಲ್ ನಡುವಿನ ಹೊಸ ವರ್ಷದ ಹಬ್ಬ) ದಿನ ಮಧ್ಯಾಹ್ನ ಎರಡರವರೆಗೆ ಅಂಗಡಿ ಉಂಟು, ಎಲ್ಲರೂ ಬರಬೇಕು ಅಂತ ವಾಟ್ಸಾಪಿನಲ್ಲಿ ಹಾಕಿದ್ದಾರೆ. ಕೇಳಿದರೆ "ಅರ್ಧ ದಿನ ತಾನೇ, ಬದಲಿ ರಜೆ ಆಮೇಲೆ ಕೊಡುವ" ಅಂತಾರೆ. 2025ರ ಓಣಂಗೂ ಇದನ್ನೇ ಹೇಳಿದ್ದರು. ಓಣಂನ ಮೊದಲ ದಿನ ಅತ್ತಂನಿಂದ ಮುಖ್ಯ ದಿನ ತಿರುವೋಣಂವರೆಗೆ ವಾರದ ರಜೆಯೂ ಇರಲಿಲ್ಲ, ದಿನಾ ರಾತ್ರಿ ಒಂಬತ್ತೂವರೆ ಆಗ್ತಿತ್ತು. ಆ ರಜೆ ಇವತ್ತಿಗೂ ಬಂದಿಲ್ಲ. ನಮ್ಮ ಮನೆಯಲ್ಲಿ ಚೌತಿ ದೊಡ್ಡದು. ಆ ವರ್ಷ ಅದು ಅತ್ತಂನ ಮರುದಿನವೇ ಬಿತ್ತು, ಅದಕ್ಕೂ ಬಿಡಲಿಲ್ಲ. ಬಿಸುವಿಗೆ ಹೋಗದಿದ್ದರೆ ಸಂಬಳ ಕಟ್ ಮಾಡಬಹುದಾ? ರಜೆ ದಿನ ಅಂಗಡಿ ತೆರೆಯುವುದೇ ತಪ್ಪಲ್ವಾ?

ಉತ್ತರ (ನಿವೃತ್ತ ಸಹಾಯಕ ಲೇಬರ್ ಆಫೀಸರ್):
ಕೊನೆಯದರಿಂದ ಶುರು ಮಾಡ್ತೇನೆ. ಅಂಗಡಿ ತೆರೆಯುವುದು ತಪ್ಪಲ್ಲ. ನಿಮ್ಮ ರಜೆ ನುಂಗುವುದು ತಪ್ಪು. ಇವೆರಡನ್ನೂ ಜನ ಒಂದೇ ಅಂತ ತಿಳಿದುಕೊಂಡಿದ್ದಾರೆ, ಮುದಲಾಳಿಗಳಿಗೆ (ಅಂಗಡಿ ಮಾಲೀಕರಿಗೆ) ಅದೇ ಬೇಕು.

ಕೇರಳದ ಅಂಗಡಿಗಳ ಕಾಯ್ದೆ 1960ರದ್ದು. ಅದರಲ್ಲಿ ವಾರಕ್ಕೊಂದು ದಿನ ಅಂಗಡಿಯನ್ನೇ ಪೂರ್ತಿ ಮುಚ್ಚಬೇಕಿತ್ತು. 2018ರಲ್ಲಿ ತಿದ್ದುಪಡಿ ಆಯ್ತು. ಈಗ ಅಂಗಡಿ ಏಳು ದಿನವೂ ತೆರೆದಿರಬಹುದು, ಕೆಲಸದವರಿಗೆ ಮಾತ್ರ ವಾರಕ್ಕೊಂದು ಪೂರ್ತಿ ದಿನ ಸಂಬಳ ಸಹಿತ ರಜೆ ಕೊಡಲೇಬೇಕು. ಕೇಳಲಿಕ್ಕೆ ಚೆಂದ. ಆದರೆ ಹಿಂದೆ ಭಾನುವಾರ ಪೇಟೆಯಲ್ಲಿ ಶಟರ್ ಕೆಳಗಿದ್ದರೆ ಒಳಗೆ ಯಾರೂ ದುಡಿಯುತ್ತಿಲ್ಲ ಅಂತ ಬಸ್ಸಿನಲ್ಲಿ ಹೋಗುವವನಿಗೂ ಗೊತ್ತಾಗ್ತಿತ್ತು. ಈಗ ಯಾರಿಗೆ ರಜೆ ಸಿಕ್ಕಿತು, ಯಾರಿಗೆ ಇಲ್ಲ ಅಂತ ತಿಳಿಯಲು ರಿಜಿಸ್ಟರ್ ತೆಗೆಸಬೇಕು. ರಿಜಿಸ್ಟರ್ ಇರುವುದು ಮುದಲಾಳಿಯ ಕಪಾಟಿನಲ್ಲಿ.

ಹಬ್ಬದ ರಜೆಗೆ ಬೇರೆ ಕಾಯ್ದೆ ಉಂಟು, 1958ರದ್ದು. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ಮತ್ತೆ ಒಂಬತ್ತು ಹಬ್ಬಗಳು, ಒಟ್ಟು 13. ಪ್ರತಿಯೊಂದೂ ಇಡೀ ದಿನದ ರಜೆ. ಹಾಗಾಗಿ "ಅರ್ಧ ದಿನ ತಾನೇ" ಎಂಬ ಮಾತಿಗೆ ಅರ್ಥವಿಲ್ಲ. ಎರಡು ಗಂಟೆಗೆ ಹೊರಟು ಕುಂಬಳೆಗೆ ತಲುಪುವಾಗ ಕಣಿ (ಬಿಸುವಿನ ಬೆಳಿಗ್ಗೆ ಮೊದಲು ನೋಡುವ ಶುಭ ವಸ್ತುಗಳು) ನೋಡುವ ಹೊತ್ತು, ಊಟದ ಹೊತ್ತು ಎರಡೂ ಮುಗಿದಿರುತ್ತದೆ. ಆ ದಿನ ಕೆಲಸ ಮಾಡಿಸಿದರೆ ಒಂದೋ ದುಪ್ಪಟ್ಟು ಕೂಲಿ, ಇಲ್ಲವೋ ಆ ದಿನದ ಕೂಲಿಯ ಜೊತೆಗೆ ಸಂಬಳ ಸಹಿತ ಬದಲಿ ರಜೆ. ಸಂಬಳ 13,000 ಅಂತಿಟ್ಟುಕೊಳ್ಳಿ. 26ರಿಂದ ಭಾಗಿಸಿದರೆ ದಿನಕ್ಕೆ 500. ಆ 500 ಹೇಗೂ ತಿಂಗಳ ಸಂಬಳದಲ್ಲಿ ಬರುತ್ತದೆ. ಅದರ ಮೇಲೆ ಇನ್ನೊಂದು 500 ಕೈಗೆ ಬರಬೇಕು. ಆ ಹೆಚ್ಚಿನ ಕೂಲಿಯನ್ನೂ ಬದಲಿ ರಜೆಯನ್ನೂ ಕೊಡದೆ ಕರೆದು, ಬಾರದವರ ಸಂಬಳ ಕಟ್ ಮಾಡಲಿಕ್ಕೆ ಆಧಾರವಿಲ್ಲ.

ಇದೆಲ್ಲ ಬಿಸು ನಿಮ್ಮ ಅಂಗಡಿಯ ಪಟ್ಟಿಯಲ್ಲಿದ್ದರೆ. ಆ ಒಂಬತ್ತು ಯಾವುವು ಅಂತ ಪ್ರತಿ ಅಂಗಡಿಗೂ ನಿಗದಿಯಾಗುವುದು ಮುದಲಾಳಿ, ಕೆಲಸದವರು ಇಬ್ಬರನ್ನೂ ಕೇಳಿ. ನಿಮ್ಮನ್ನು ಯಾರೂ ಕೇಳಿರಲಿಕ್ಕಿಲ್ಲ. ಚೌತಿ ಬೇಕಾದರೆ ಪಟ್ಟಿ ಮಾಡುವಾಗಲೇ ಬಾಯಿಬಿಡಬೇಕು. ತಿರುವನಂತಪುರದಲ್ಲಿ ಕೂತವರಿಗೆ ಇಲ್ಲಿನ ಚೌತಿ ನೆನಪಾಗುವುದಿಲ್ಲ. 2025ರಲ್ಲಿ ತಿರುವೋಣಂ, ಮೀಲಾದ್ ಎರಡೂ ಸೆಪ್ಟೆಂಬರ್ 5ರಂದೇ ಬಂದು ಒಂದು ರಜೆ ಹಾಗೇ ಕರಗಿತು. ಅಂಥ ವರ್ಷ ಚೌತಿ ಕೇಳಲಿಕ್ಕೆ ಒಳ್ಳೆ ಅವಕಾಶ ಇತ್ತು.

ಪ್ರಶ್ನೆ (ಅವರೇ):
ಪುರಾವೆ ಏನೂ ಇಲ್ಲ ಸರ್. ರಿಜಿಸ್ಟರಿನಲ್ಲಿ ವಾರದ ರಜೆ ಕೊಟ್ಟ ಹಾಗೇ ಬರೆದಿರುತ್ತದೆ. ತಿಂಗಳ ಕೊನೆಗೆ ಒಟ್ಟಿಗೆ ಸಹಿ ಹಾಕಿಸ್ತಾರೆ.

ಉತ್ತರ:
ನಿಮ್ಮ ಹತ್ತಿರ ಪುರಾವೆ ಉಂಟು, ನಿಮಗೆ ಗೊತ್ತಿಲ್ಲ ಅಷ್ಟೇ. ಒಮ್ಮೆ ಒಂದು ಅಂಗಡಿಗೆ ತಪಾಸಣೆಗೆ ಹೋಗಿದ್ದೆ. ರಿಜಿಸ್ಟರ್ ನೀಟಾಗಿತ್ತು, ಎಲ್ಲರಿಗೂ ವಾರಕ್ಕೊಂದು "ರಜೆ", ಎಲ್ಲ ಒಂದೇ ಪೆನ್ನು, ಒಂದೇ ಕೈಬರಹ. ನಾನು ಅದನ್ನು ಬದಿಗಿಟ್ಟು ಆ ತಾರೀಖಿನ ಬಿಲ್ಲುಗಳನ್ನು ತೆಗೆಸಿದೆ. ಬಿಲ್ಲಿನ ಅಡಿಯಲ್ಲಿ ಮಾಲು ತೋರಿಸಿದವರ ಕೋಡ್ ಇರುತ್ತದಲ್ಲ, ಇನ್ಸೆಂಟಿವ್ ಲೆಕ್ಕಕ್ಕೆ? ರಜೆಯಲ್ಲಿದ್ದ ಹುಡುಗಿ ಆ ದಿನ ಹನ್ನೊಂದು ಸೀರೆ ಮಾರಿದ್ದಳು! ಮ್ಯಾನೇಜರ್ ನೀರು ತರಿಸಿದರು, ನನಗಲ್ಲ, ಅವರಿಗೇ.

ಹಾಗಾಗಿ ನಿಮ್ಮ ಕೋಡ್ ಇರುವ ಬಿಲ್ಲು, "ಎಲ್ಲರೂ ಬರಬೇಕು" ಎಂಬ ಆ ವಾಟ್ಸಾಪ್ ಮೆಸೇಜು, ಎರಡನ್ನೂ ಇಟ್ಟುಕೊಳ್ಳಿ. ಒಂದು ಡೈರಿಯಲ್ಲಿ ಬಂದ ಹೊತ್ತು, ಹೋದ ಹೊತ್ತು ಬರೆಯಿರಿ. ದಿನಕ್ಕೆ ಎಂಟು ಗಂಟೆ, ಅದರ ಮೇಲೆ ಎಷ್ಟಾದರೂ ಓವರ್‌ಟೈಮ್, ಅದಕ್ಕೂ ದುಪ್ಪಟ್ಟು. ರಾತ್ರಿ ಒಂಬತ್ತರ ನಂತರ ಹೆಂಗಸರನ್ನು ಇಟ್ಟುಕೊಳ್ಳಬೇಕಾದರೆ ಅವರ ಒಪ್ಪಿಗೆ ಬೇಕು, ಕನಿಷ್ಠ ಐದು ಜನರ ಗುಂಪು ಇರಬೇಕು, ಅದರಲ್ಲಿ ಇಬ್ಬರಾದರೂ ಹೆಂಗಸರು, ಮತ್ತೆ ಮನೆ ಮುಟ್ಟಿಸಲು ವಾಹನ. ಒಂಬತ್ತೂವರೆಗೆ ಬಿಟ್ಟು "ಬಸ್ಸು ಸಿಗ್ತದಲ್ಲ" ಅನ್ನುವುದು ಇದರಲ್ಲಿ ಎಲ್ಲೂ ಇಲ್ಲ.

ಕೂತುಕೊಳ್ಳಲು ಸ್ಟೂಲ್ ಕೊಟ್ಟಿದ್ದಾರಾ? ಕೋಝಿಕೋಡಿನ ಅಂಗಡಿ ಹೆಂಗಸರು ಪಿ. ವಿಜಿಯವರ ಮುಂದಾಳತ್ವದಲ್ಲಿ ವರ್ಷಗಟ್ಟಲೆ ಹೋರಾಡಿದ ಮೇಲೆ 2018ರಲ್ಲಿ ಅದೂ ಕಾನೂನಾಯ್ತು. ನಾನು ನೋಡಿದ ಒಂದು ಕಡೆ ಐದು ಸ್ಟೂಲ್ ಇತ್ತು, ಐದಕ್ಕೂ ಪ್ಲಾಸ್ಟಿಕ್ ಕವರು ಬಿಚ್ಚಿರಲಿಲ್ಲ.

ಪ್ರತಿಕ್ರಿಯೆ (ಹೊಸಂಗಡಿಯ ವ್ಯಾಪಾರಿ):
ಸರ್, ನಮ್ಮದೂ ಸ್ವಲ್ಪ ಕೇಳಿ. ನನ್ನದು ಚಪ್ಪಲಿ ಅಂಗಡಿ, ಇಬ್ಬರು ಹುಡುಗರು. ಹಬ್ಬದ ದಿನ ನಾನು ಮುಚ್ಚಿದರೆ ಗಿರಾಕಿ ತಲಪಾಡಿ ಗಡಿ ದಾಟಿ ಮಂಗಳೂರಿನ ಮಾಲ್‌ಗೆ ಹೋಗ್ತಾನೆ. ರಸ್ತೆ ಅಗಲ ಆದ ಮೇಲೆ ಅವನಿಗೆ ಅದೊಂದು ದೂರವೇ ಅಲ್ಲ. ಬಾಡಿಗೆ ಯಾರು ಕಟ್ಟುದು? ಬಸ್ಸಿನವರು, ಆಸ್ಪತ್ರೆಯವರು ಹಬ್ಬದ ದಿನ ದುಡಿಯುವುದಿಲ್ವಾ?

ಉತ್ತರ:
ನೀವು ಮುಚ್ಚಬೇಕು ಅಂತ ನಾನು ಹೇಳಿಲ್ಲ ಮಾರಾಯ್ರೇ. ನೀವೇ ಗಲ್ಲೆಯಲ್ಲಿ ಕೂರಿ, ಒಬ್ಬ ಹುಡುಗನನ್ನು ಕರೆಯಿರಿ, ಇನ್ನೊಬ್ಬನನ್ನು ಮನೆಗೆ ಬಿಡಿ, ಮುಂದಿನ ಹಬ್ಬಕ್ಕೆ ಅದಲುಬದಲು. ಬಂದವನಿಗೆ ಹೆಚ್ಚಿನ 500 ಆ ಸಂಜೆಯೇ ಕೊಡಿ. ಆ ದಿನದ ವ್ಯಾಪಾರದಲ್ಲಿ ಆ 500 ಹುಟ್ಟುವುದಿಲ್ಲ ಅಂತಾದರೆ ತೆರೆದು ಏನು ಲಾಭ?

ಬಸ್ಸು, ಆಸ್ಪತ್ರೆ, ಮೆಡಿಕಲ್ ಶಾಪಿನ ಜೊತೆ ಚಪ್ಪಲಿಯನ್ನು ಸೇರಿಸಬೇಡಿ. ಬಿಸುವಿನ ಬೆಳಿಗ್ಗೆ ಇನ್ಸುಲಿನ್ ಬೇಕಾದವನು ಕಾಯಲಿಕ್ಕಾಗುವುದಿಲ್ಲ. ಸೀರೆ ಬೇಕಾದವಳು ಹಿಂದಿನ ದಿನವೇ ಬಂದಿರುತ್ತಾಳೆ. ನನ್ನನ್ನು ಕೇಳಿದರೆ, ಇದು ನನ್ನ ಸ್ವಂತ ಅಭಿಪ್ರಾಯ, ಕಾನೂನಲ್ಲ: ಬಿಸು, ತಿರುವೋಣಂ, ಪೆರುನಾಳ್ (ಈದ್), ಕ್ರಿಸ್ಮಸ್, ಈ ನಾಲ್ಕು ದಿನ ಪೇಟೆಯವರೆಲ್ಲ ಮಾತಾಡಿಕೊಂಡು ಒಟ್ಟಿಗೇ ಮುಚ್ಚಬೇಕು. "ಇಷ್ಟ ಇದ್ದವರು ಬನ್ನಿ" ಅಂತ ಮುದಲಾಳಿ ಹೇಳಿದಾಗ ಇಷ್ಟ ಇಲ್ಲ ಅನ್ನುವ ಧೈರ್ಯ ಎಷ್ಟು ಮಂದಿಗೆ ಉಂಟು? ಒಬ್ಬನೇ ಮುಚ್ಚಿದರೆ ನಷ್ಟ ಅವನಿಗೊಬ್ಬನಿಗೆ, ನಿಮ್ಮ ಆ ಮಾತು ನಿಜ. ಅದಕ್ಕೇ ಒಟ್ಟಿಗೇ ಅಂದದ್ದು.

ಪ್ರಶ್ನೆ (ಮಂಜೇಶ್ವರದಿಂದ):
ನಾನು ದಿನಾ ಬೆಳಿಗ್ಗೆ ರೈಲಿನಲ್ಲಿ ಮಂಗಳೂರಿಗೆ ಹೋಗ್ತೇನೆ, ಮೊಬೈಲ್ ಅಂಗಡಿ. ನನಗೆ ಯಾವ ರಾಜ್ಯದ ರಜೆ ಅಣ್ಣ?

ಉತ್ತರ:
ಕೆಲಸ ಎಲ್ಲಿಯೋ ಕಾನೂನು ಅಲ್ಲಿಯದ್ದು. ಕರ್ನಾಟಕದಲ್ಲಿ 1963ರ ಕಾಯ್ದೆ, ರಜೆ ಹತ್ತು. ತಾರೀಖು ಖಾಯಂ ಆಗಿರುವ ಐದರಲ್ಲಿ ನವೆಂಬರ್ 1 ಉಂಟು. ತಮಾಷೆ ನೋಡಿ, 1956ರ ಅದೇ ತಾರೀಖಿಗೆ ಕಾಸರಗೋಡು ಕೇರಳಕ್ಕೆ ಸೇರಿದ್ದು. ಆ ದಿನ ನಿಮಗೆ ರಾಜ್ಯೋತ್ಸವದ ರಜೆ, ಇಲ್ಲಿ ಕನ್ನಡ ಮಾತಾಡುವ ಕುಂಬಳೆಯ ತಂಗಿಗೆ ಮಾಮೂಲಿ ಡ್ಯೂಟಿ. ಮತದಾನದ ದಿನ ಮಾತ್ರ ಲೆಕ್ಕ ಬೇರೆ. ನಿಮ್ಮ ವೋಟು ಮಂಜೇಶ್ವರದಲ್ಲಿದ್ದರೆ, ಮಂಗಳೂರಿನಲ್ಲಿ ಚುನಾವಣೆ ಇಲ್ಲದಿದ್ದರೂ ಆ ದಿನ ಸಂಬಳ ಸಹಿತ ರಜೆ ಕೊಡಬೇಕು. ಅದು ಕೇಂದ್ರದ ಜನಪ್ರತಿನಿಧಿ ಕಾಯ್ದೆಯ 135ಬಿ ಸೆಕ್ಷನ್.

ಪ್ರಶ್ನೆ (ಕುಂಬಳೆಯವರು):
ಸರ್, ದೂರು ಕೊಟ್ಟರೆ ತೆಗೆದುಹಾಕ್ತಾರೆ ಅಂತ ಉಳಿದವರು ಹೆದರ್ತಾರೆ. ನನಗೆ ಮಲಯಾಳ ಬರೆಯಲಿಕ್ಕೂ ಬರುವುದಿಲ್ಲ.

ಉತ್ತರ:
ಕನ್ನಡದಲ್ಲೇ ಬರೆಯಿರಿ. ಇಲ್ಲಿನ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯುವುದು, ಕನ್ನಡದಲ್ಲೇ ಉತ್ತರ ಪಡೆಯುವುದು 1969ರ ಕೇರಳ ರಾಜಭಾಷಾ ಕಾಯ್ದೆ ಕೊಟ್ಟ ಹಕ್ಕು. ವಿದ್ಯಾನಗರದ ಸಿವಿಲ್ ಸ್ಟೇಷನ್ನಿನಲ್ಲಿ ಲೇಬರ್ ಆಫೀಸು ಉಂಟು. ಎರಡು ಪ್ರತಿ ತೆಗೆದುಕೊಂಡು ಹೋಗಿ, ಒಂದರ ಮೇಲೆ ಸೀಲು ಹಾಕಿಸಿ ವಾಪಸ್ ತನ್ನಿ. "ಕನ್ನಡ ಗೊತ್ತಿಲ್ಲ" ಅಂದರೆ ಜಗಳ ಬೇಡ, ಅಲ್ಲೇ ನಿಲ್ಲಿ. ಗೊತ್ತಿರುವವರು ಒಳಗಿನಿಂದ ಬರುತ್ತಾರೆ. ಮೂವತ್ತು ವರ್ಷ ಹಾಗೆ ಒಳಗಿನಿಂದ ಬಂದವನೇ ನಾನು.

ಆರು ತಿಂಗಳು ಸತತ ಕೆಲಸ ಮಾಡಿದವರನ್ನು ಸರಿಯಾದ ಕಾರಣವಿಲ್ಲದೆ, ಒಂದು ತಿಂಗಳ ನೋಟೀಸೋ ಅದರ ಸಂಬಳವೋ ಕೊಡದೆ ತೆಗೆಯುವ ಹಾಗಿಲ್ಲ. ನಿಮ್ಮದು ನಾಲ್ಕು ವರ್ಷ. ಹೆದರಿಕೆ ಅದರಿಂದ ಹೋಗುವುದಿಲ್ಲ, ಗೊತ್ತು. ಮೊದಲು ದೂರು ಬೇಡ. ನಾಲ್ಕೈದು ಮಂದಿ ಒಟ್ಟಿಗೆ ಹೋಗಿ "ಬದಲಿ ರಜೆ ಯಾವ ತಾರೀಖು?" ಅಂತ ಕೇಳಿ. ಕೊಡುತ್ತೀರಾ ಅಂತ ಕೇಳಬೇಡಿ, ತಾರೀಖು ಕೇಳಿ. ಅದಕ್ಕೂ ಮೊದಲು ಅಂಗಡಿಯಲ್ಲಿ ರಜೆಯ ಪಟ್ಟಿ ಎಲ್ಲಿದೆ ನೋಡಿ.

(ಎರಡು ದಿನ ಕಳೆದು, ಕುಂಬಳೆಯವರು):
ಸರ್, ಪಟ್ಟಿ ಸಿಕ್ಕಿತು. ಬಿಲ್ಲಿಂಗ್ ಕೌಂಟರಿನ ಹಿಂದೆ, ಜುವೆಲ್ಲರಿಯವರು ಕೊಟ್ಟ ಕ್ಯಾಲೆಂಡರಿನ ಅಡಿಯಲ್ಲಿ ನೇತಾಡ್ತಿತ್ತು. ಬಿಸು ಉಂಟು, ಚೌತಿ ಇಲ್ಲ. ಫೋಟೋ ತೆಗೆದೆ. ಆರು ಮಂದಿ ಬರ್ತೇನೆ ಅಂದಿದ್ದಾರೆ, ಒಬ್ಬಳು ನಾಳೆ ಹೇಳ್ತೇನೆ ಅಂದಳು.

ಉತ್ತರ:
ಒಳ್ಳೆದಾಯ್ತು. ಅದರ ಹಿಂದೆ 2025ರ ಪಟ್ಟಿ ಇನ್ನೂ ಅದೇ ಮೊಳೆಯಲ್ಲಿ ಇದ್ದರೂ ಇರಬಹುದು, ಅದರದ್ದೂ ಒಂದು ಫೋಟೋ ತೆಗೆಯಿರಿ. ಓಣಂ ಲೆಕ್ಕಕ್ಕೆ ಬೇಕಾಗ್ತದೆ.