ಸಹಾಯ ಬೇಕು: ಅಣಬೆ ಚೀಲಕ್ಕೆ ಸಹಸ್ರಪದಿ ಕಾಟ

ತುಮಕೂರು ಹತ್ತಿರ ತೋಟದ ಶೆಡ್ಡಿನಲ್ಲಿ ಹುಲ್ಲು ತುಂಬಿದ ಚೀಲಗಳಲ್ಲಿ ಚಿಪ್ಪಣಬೆ ಬೆಳೆಯುತ್ತಿದ್ದೇವೆ. ಮಳೆ ಹಿಡಿದಾಗಿನಿಂದ ಕೆಳಸಾಲಿನ ಚೀಲಗಳಿಗೆ ಸಹಸ್ರಪದಿಗಳು ಮುತ್ತಿವೆ. ಜರಿ ಅಲ್ಲ, ಸರಿಯಾಗಿ ನೋಡಿದ್ದೇನೆ. ಮೈಯ ಒಂದೊಂದು ಬಳೆಗೂ ಎರಡೆರಡು ಜೊತೆ ಕಾಲಿವೆ. ಮುಟ್ಟಿದರೆ ಸುರುಳಿ ಸುತ್ತಿಕೊಂಡು ರಸ ಬಿಡುತ್ತವೆ. ಬೆರಳಿಗಾದ ಕಂದು ಕಲೆ ಸೋಪಿಗೂ ಹೋಗಲ್ಲ.

ಬಾಗಿಲಿಗೆ ಸುಣ್ಣ ಹಾಕಿದೆ. ಸುತ್ತ ಬಿದ್ದಿದ್ದ ಅಡಿಕೆ ಸೋಗೆ, ತೆಂಗಿನ ಮಟ್ಟೆ ತೆಗೆಸಿದೆ. ರಾತ್ರಿ ಟಾರ್ಚ್ ಹಿಡಿದು ಆರಿಸಿ ಹಾಕಿದ್ದೂ ಆಯ್ತು. ಬೆಳಗ್ಗೆ ಮತ್ತೆ ಹಾಜರ್! ಔಷಧಿ ಹೊಡೆಯೋಣ ಅಂದ್ರೆ ತಿನ್ನುವ ಪದಾರ್ಥ, ಧೈರ್ಯ ಬರುತ್ತಿಲ್ಲ.

ಸಹಸ್ರಪದಿ ತಿನ್ನುವುದು ಕೊಳೆತ ಎಲೆ, ಹುಲ್ಲು ಅಲ್ವಾ? ಆದರೆ ಅಮೆರಿಕದ ಕಾಡುಗಳಲ್ಲಿ ಬ್ರಾಕಿಸೈಬಿ ಅನ್ನುವ ಜಾತಿ ಕೊಳೆತ ದಿಮ್ಮಿಯ ಶಿಲೀಂಧ್ರವನ್ನೇ ತಿಂದು ಬದುಕುತ್ತದೆ ಅಂತ ಓದಿದೆ. (ಅದರಲ್ಲಿ ಮೊಟ್ಟೆ ಕಾಯುವುದು ಗಂಡಂತೆ! ಇರಲಿ.) ಅಲ್ಲಿಂದ ತಲೆ ಕೆಟ್ಟಿದೆ. ನಮ್ಮ ಚೀಲದ ತೂತಿನ ಸುತ್ತ, ಅಣಬೆ ಹುಟ್ಟುವ ಬಿಳಿ ಎಳೆ ಕೆರೆದ ಹಾಗೆ ಹೋಗಿದೆ, ಒಳಗಿನ ಹುಲ್ಲೂ ಮೆತ್ತಗಾಗಿದೆ.

ನಮ್ಮ ಕಡೆಯ ಸಹಸ್ರಪದಿಯೂ ಅಣಬೆಯ ಬಿಳಿ ಎಳೆ ತಿನ್ನುತ್ತದಾ, ಇಲ್ಲ ಮೊದಲೇ ಕೆಟ್ಟ ಹುಲ್ಲಿಗೆ ಸುಮ್ನೆ ಬಂದು ಸೇರಿದೆಯಾ? ಚೀಲ ನೋಡಿ ಗುರುತಿಸುವುದು ಹೇಗೆ? ಅಣಬೆ ಬೆಳೆದವರು ದಯವಿಟ್ಟು ತಿಳಿಸಿ.