‘ಗೋ ಆಫ್’ ಎಂದರೆ ಮೊಳಗುವುದೋ, ನಿಲ್ಲುವುದೋ?

ಪ್ರಶ್ನೆ:
ಕಾರ್ಖಾನೆಯೊಂದರ ಸುರಕ್ಷತಾ ಸೂಚನೆಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ವೆನ್ ದಿ ಫೈರ್ ಅಲಾರಂ ಗೋಸ್ ಆಫ್, ಲೀವ್ ದಿ ಬಿಲ್ಡಿಂಗ್’ ಎಂಬುದನ್ನು ‘ಬೆಂಕಿಯ ಅಲಾರಂ ನಿಂತ ಕೂಡಲೇ ಕಟ್ಟಡದಿಂದ ಹೊರಗೆ ಹೋಗಿ’ ಎಂದು ಬರೆದಿದ್ದೆ. ಕರಡನ್ನು ಓದಿದ ಹಿರಿಯರೊಬ್ಬರು ಅರ್ಥವೇ ತಲೆಕೆಳಗಾಗಿದೆ ಎಂದರು. ಫ್ಯಾನ್ ಆಫ್, ಮೋಟಾರ್ ಆಫ್ ಎಂದರೆ ನಿಲ್ಲುವುದೇ ಆಗಿರುವಾಗ, ‘ದಿ ಲೈಟ್ಸ್ ವೆಂಟ್ ಆಫ್’ ಎಂದರೂ ದೀಪಗಳು ಆರಿದವು ಎಂದೇ ಆಗುವಾಗ, ಅಲಾರಂ ಮಾತ್ರ ಮೊಳಗುವುದು ಹೇಗೆ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1:
ಹಿರಿಯರು ಹೇಳಿದ್ದು ಸರಿ. ಈ ತಪ್ಪು ಅಚ್ಚಾಗುವ ಮೊದಲೇ ಸಿಕ್ಕಿದ್ದು ಒಳ್ಳೆಯದಾಯಿತು. ನಮಗೆ ‘ಆಫ್’ ಪರಿಚಯವಾದದ್ದು ಸ್ವಿಚ್ಚಿನ ಮೂಲಕ, ಆದ್ದರಿಂದ ನಿಲ್ಲುವ ಅರ್ಥವೇ ಮೊದಲು ಹೊಳೆಯುತ್ತದೆ. ಆದರೆ ಅದರ ಮೂಲ ಅರ್ಥ ದೂರ ಸರಿಯುವುದು, ಕಳಚಿಕೊಳ್ಳುವುದು. ‘ಯೂನಿವರ್ಸಿಟಿ ಆಫ್ ಮೈಸೂರು’ ಎನ್ನುವಾಗಿನ ‘ಆಫ್’ (of) ಮತ್ತು ಈ ‘ಆಫ್’ (off) ಹಳೆಯ ಇಂಗ್ಲಿಷಿನಲ್ಲಿ ಒಂದೇ ಪದವಾಗಿದ್ದವು. ಕೀಲಿ ಕೊಡುವ ಅಲಾರಂ ಗಡಿಯಾರವನ್ನು ನೆನೆದುಕೊಳ್ಳಿ: ಬಿಗಿಯಾಗಿ ಸುತ್ತಿದ ಸ್ಪ್ರಿಂಗಿನ ಬಲವನ್ನು ಸಣ್ಣ ಕೊಂಡಿಯೊಂದು ತಡೆದು ಹಿಡಿದಿರುತ್ತದೆ, ಇಟ್ಟ ಹೊತ್ತು ಬಂದಾಗ ಕೊಂಡಿ ಸರಿದು ಪುಟ್ಟ ಸುತ್ತಿಗೆ ಗಂಟೆಯನ್ನು ಬಡಿಯತೊಡಗುತ್ತದೆ. ಬಂದೂಕಿನ ಕುದುರೆ (ಟ್ರಿಗರ್) ಎಳೆದಾಗ ಗುಂಡು ಹಾರುವುದಕ್ಕೂ, ಬಾಂಬ್ ಸಿಡಿಯುವುದಕ್ಕೂ ‘ವೆಂಟ್ ಆಫ್’ ಎಂದೇ ಹೇಳುತ್ತಾರೆ. ಹಿಡಿದಿಟ್ಟದ್ದು ಬಿಡಿಸಿಕೊಳ್ಳುವ ಚಿತ್ರವೇ ಇಲ್ಲೆಲ್ಲ ಇದೆ.

ಉತ್ತರ 2:
ಇನ್ನೆರಡು ಬಳಕೆಗಳನ್ನು ಸೇರಿಸುತ್ತೇನೆ. ‘ದಿ ಮಿಲ್ಕ್ ಹ್ಯಾಸ್ ಗಾನ್ ಆಫ್’ ಎಂದರೆ ಹಾಲು ಕೆಟ್ಟಿದೆ. ಇದು ಬ್ರಿಟಿಷರ ರೂಢಿ, ಅಮೆರಿಕದವರು ಸಾಮಾನ್ಯವಾಗಿ ‘ಗಾನ್ ಬ್ಯಾಡ್’ ಎನ್ನುತ್ತಾರೆ. ‘ಐ ಹ್ಯಾವ್ ಗಾನ್ ಆಫ್ ಕಾಫಿ’ ಎಂದರೆ ಕಾಫಿಯ ಮೇಲಿದ್ದ ಇಷ್ಟ ಹೋಗಿದೆ.

ನನಗೆ ಮುಖ್ಯವೆನಿಸುವುದು ಬೇರೆ. ನಾವೂ ‘ಕೆಟ್ಟುಹೋಯಿತು’, ‘ಆರಿಹೋಯಿತು’ ಎಂದು ‘ಹೋಗು’ವನ್ನು ಜೋಡಿಸುತ್ತೇವೆ, ಆದರೂ ಗೊಂದಲವಾಗುವುದಿಲ್ಲ, ಏಕೆಂದರೆ ಅರ್ಥದ ಭಾರವನ್ನು ಅದರ ಹಿಂದಿನ ‘ಕೆಡು’, ‘ಆರು’ ಹೊರುತ್ತವೆ. ‘ಗೋ ಆಫ್’ಗೆ ಅಂಥ ಜೊತೆಗಾರ ಕ್ರಿಯಾಪದವಿಲ್ಲ, ಹೋದದ್ದು ಹಾಲೋ, ದೀಪವೋ, ಅಲಾರಮ್ಮೋ ಎಂಬುದನ್ನು ನೋಡಿಯೇ ಅರ್ಥ ಮಾಡಿಕೊಳ್ಳಬೇಕು. ಅನುವಾದಿಸುವಾಗ ಕರ್ತೃಪದವನ್ನು ಮೊದಲು ಗಮನಿಸಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ‘ಅಲಾರಂ ಮೊಳಗಿದ ಕೂಡಲೇ’ ಎಂದು ತಿದ್ದಿದ್ದೇನೆ. ಮುಂದಿನ ಸಾಲಿನಲ್ಲಿ ‘ಡು ನಾಟ್ ಟರ್ನ್ ಆಫ್ ದಿ ಅಲಾರಂ’ ಎಂದಿದೆ. ಇಲ್ಲಿ ‘ನಿಲ್ಲಿಸಬೇಡಿ’ ಎನ್ನಬಹುದೇ?

ಉತ್ತರ 1:
ಖಂಡಿತ, ಇಲ್ಲಿ ನಿಲ್ಲಿಸುವುದೇ ಅರ್ಥ. ಮೊದಲ ಸಾಲಿನಲ್ಲಿ ಮಾತ್ರ ‘ಮೊಳಗಿದ’ ಎನ್ನುವ ಬದಲು ‘ಹೊಡೆದ’ ಎಂದು ಬರೆಯಿರಿ. ಕಾರ್ಮಿಕರ ಬಾಯಲ್ಲಿರುವ ಮಾತು ಅದು.